‘ಒಮ್ಮೊಮ್ಮೆ ಸರಿ ಉಂಟು’ ಅಂದರೆ ಡೆವಲಪರ್ ಏನು ಮಾಡಬೇಕು?

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಹೋಟೆಲ್ ಇಟ್ಟಿರುವ ನನ್ನ ಸೋದರಮಾವ ಕಳೆದ ಆಗಸ್ಟಿನಲ್ಲಿ ಗಲ್ಲಾಕ್ಕೆ ಹೊಸ ಕಂಪ್ಯೂಟರ್ ತಂದರು. ಸೆಪ್ಟೆಂಬರ್ ಮಧ್ಯದಲ್ಲಿ ಫೋನು ಬಂತು: “ಬಿಲ್ಲಿನ ಸಾಫ್ಟ್‌ವೇರ್ ಹಾಳಾಗಿದೆ ಮಾರಾಯ. ದಿನದ ಲೆಕ್ಕ ಒಮ್ಮೊಮ್ಮೆ ಸರಿ ಉಂಟು, ಒಮ್ಮೊಮ್ಮೆ ಇಲ್ಲ. ಸಾಫ್ಟ್‌ವೇರ್ ಬರೆದ ಡೆವಲಪರನ್ನು ಕೇಳಿದರೆ ‘ನಮ್ಮಲ್ಲಿ ಸರಿ ಇದೆ’ ಅಂತಾರೆ ಅವರು.”

ಅವರೇನೂ ಸುಳ್ಳು ಹೇಳಿರಲಿಲ್ಲ. ಅವರ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು. ತನ್ನ ಕಣ್ಣೆದುರು ಆಗದ ತಪ್ಪನ್ನು ಡೆವಲಪರ್ ತಿದ್ದುವುದು ಬಹಳ ಕಷ್ಟ. ಆ ತಪ್ಪು ಅವರ ಮೇಜಿನ ಮೇಲೂ ಆಗುವಂತೆ ದಾರಿ ತೋರಿಸುವುದೇ ದೂರು ಬರೆಯುವವರ ಕೆಲಸ.

ಬರೆಯುವ ಮುನ್ನ ಮತ್ತೆ ಮಾಡಿ ನೋಡಿ, ಪ್ರತಿ ಹೆಜ್ಜೆಯನ್ನೂ ಗುರುತು ಹಾಕಿಕೊಳ್ಳಿ. ಹಿಂದಿನ ತಾರೀಖುಗಳನ್ನು ಒಂದೊಂದಾಗಿ ಹಾಕಿ, ಬಂದ ಮೊತ್ತ ಬರೆದಿಡಲು ಮಾವನಿಗೆ ಹೇಳಿದೆ. 5ಕ್ಕೆ ತಾಳೆಯಾಗದ ಮೊತ್ತ. 9ಕ್ಕೆ ಸರಿಯಾದ ಲೆಕ್ಕ. 10, 11, 12ಕ್ಕೆ ಸೊನ್ನೆ. 13ರಿಂದ ಆಚೆಗೆ ಕೆಂಪಕ್ಷರದ ಎರರ್. ಚೀಟಿ ನೋಡಿದ ಕೂಡಲೇ ಗುಟ್ಟು ಬಯಲಾಯಿತು. ಹೊಸ ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 05/09 ಎಂದರೆ ಅದಕ್ಕೆ ಮೇ 9. 10/09 ಎಂದರೆ ಇನ್ನೂ ಬಾರದ ಅಕ್ಟೋಬರ್ 9. ಹದಿಮೂರನೇ ತಿಂಗಳಂತೂ ಇಲ್ಲವೇ ಇಲ್ಲ. 09/09 ಹೇಗೆ ಓದಿದರೂ ಒಂದೇ.

ಅಂದ ಹಾಗೆ, ಸಾಫ್ಟ್‌ವೇರಿನ ತಪ್ಪಿಗೆ ‘ಬಗ್’, ಅಂದರೆ ಹುಳ, ಅನ್ನುತ್ತಾರೆ. 1947ರಲ್ಲಿ ಹಾರ್ವರ್ಡ್ ಮಾರ್ಕ್ 2 ಎಂಬ ಹಳೆಯ ಕಂಪ್ಯೂಟರಿನ ರಿಲೇಯಲ್ಲಿ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚಿನಲ್ಲಿ) ಸಿಕ್ಕಿಬಿದ್ದ ಪತಂಗವನ್ನು ಲಾಗ್‌ಬುಕ್ಕಿಗೆ ಅಂಟಿಸಿದ್ದೂ ಸೆಪ್ಟೆಂಬರ್ 9ರಂದೇ. ಅಲ್ಲಿ ಬರೆದಿರುವುದು 15:45, ರಿಲೇ 70, ಪ್ಯಾನೆಲ್ ಎಫ್. ಹೊತ್ತು, ಜಾಗ, ಜೊತೆಗೆ ಸತ್ತ ಹುಳ! ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ದೂರು ಇಲ್ಲ.

ಇನ್ನು ತಲೆಬರಹ. ‘ತುರ್ತು!! ಕೆಲಸ ಮಾಡ್ತಿಲ್ಲ’ ಎಂಬಂಥವು ದಿನಕ್ಕೆ ಹತ್ತು ಬರುತ್ತವೆ. ‘ದಿನದ ಲೆಕ್ಕ: 12ರ ನಂತರದ ತಾರೀಖು ಹಾಕಿದರೆ ಎರರ್’ ಎಂದು ಬರೆಯಿರಿ.

ಒಳಗೆ ಮೂರು ಮಾತು ಬೇಕೇ ಬೇಕು: ನೀವು ಏನು ಮಾಡಿದಿರಿ, ಏನು ಬರಬೇಕಿತ್ತು, ಏನು ಬಂತು. ಮಾವನ ದೂರು ಹೀಗಾಯಿತು: “1. ‘ರಿಪೋರ್ಟ್’ ಒತ್ತಿದೆ. 2. ತಾರೀಖಿನ ಜಾಗದಲ್ಲಿ 14/09 ಟೈಪ್ ಮಾಡಿದೆ. 3. ‘ತೋರಿಸು’ ಒತ್ತಿದೆ. ಸೆಪ್ಟೆಂಬರ್ 14ರ ಮೊತ್ತ ಬರಬೇಕಿತ್ತು. ಎರರ್ ಬಂತು. ಐದು ಸಲ ಮಾಡಿದೆ, ಐದು ಸಲವೂ ಹೀಗೇ.” ಎಷ್ಟು ಸಲಕ್ಕೆ ಎಷ್ಟು ಸಲ ಎಂಬ ಕೊನೆಯ ಸಾಲನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಎರರ್ ಸಂದೇಶವನ್ನು ಇದ್ದಂತೆಯೇ ಕಾಪಿ ಮಾಡಿ ಹಾಕಿ. ಇಂಗ್ಲಿಷಿನಲ್ಲಿದ್ದರೆ ಕನ್ನಡಕ್ಕೋ ಮರಾಠಿಗೋ ತಿರುಗಿಸಬೇಡಿ. ಡೆವಲಪರ್ ಆ ಅಕ್ಷರಗಳನ್ನೇ ಕೋಡಿನಲ್ಲಿ ಹುಡುಕುವುದು. ಸ್ಕ್ರೀನ್‌ಶಾಟ್ ಇಡೀ ಪರದೆಯದ್ದಿರಲಿ. ಆದರೆ ಅದರಲ್ಲಿ ಗಿರಾಕಿಗಳ ಫೋನ್ ನಂಬರ್ ಕಂಡರೆ ಅಳಿಸಿ. ಸಾಫ್ಟ್‌ವೇರಿನ ವರ್ಶನ್, ವಿಂಡೋಸ್ ಯಾವುದು, ಇತ್ತೀಚೆಗೆ ಏನು ಬದಲಾಯಿತು, ಇವನ್ನೂ ಸೇರಿಸಿ. ‘ಹೊಸ ಕಂಪ್ಯೂಟರ್’ ಎಂಬ ಎರಡು ಪದ ಮೊದಲ ದೂರಿನಲ್ಲೇ ಇದ್ದಿದ್ದರೆ ಮಾವನಿಗೆ ಎರಡು ವಾರ ಉಳಿಯುತ್ತಿತ್ತು.

ಊಹೆ ಬರೆಯಬಾರದೆಂದಿಲ್ಲ, ಕಂಡದ್ದರ ಜೊತೆ ಬೆರೆಸಬಾರದು ಅಷ್ಟೆ. ಕೊನೆಯಲ್ಲಿ ‘ನನ್ನ ಅನುಮಾನ’ ಎಂದು ಬೇರೆಯಾಗಿ ಬರೆಯಿರಿ. ಮಾವನ ಅನುಮಾನ ಮೊದಲಿನಿಂದಲೂ ಇಂಟರ್‌ನೆಟ್ ಮೇಲಿತ್ತು. ನನ್ನದೂ, ನಿಜ ಹೇಳಬೇಕೆಂದರೆ. ಪ್ರಿಂಟರ್ ಕಾಗದ ನುಂಗುವ ತಕರಾರು ಬೇರೆ ದೂರಿಗೆ ಇರಲಿ.

ಸರಿಪಡಿಸಿದ ವರ್ಶನ್ ಬಂದ ಮೇಲೆ ಅದೇ ಹೆಜ್ಜೆಗಳನ್ನು ಮತ್ತೆ ಮಾಡಿ ನೋಡಿ, ಉತ್ತರ ಬರೆಯಿರಿ. ಮಾವ 5, 9, 14 ಮೂರನ್ನೂ ಹಾಕಿ ನೋಡಿದರು. ಬರೀ 9 ನೋಡಿದ್ದರೆ ಏನು ಬಂತು? ಅದು ಮೊದಲೂ ಸರಿ ಇತ್ತಲ್ಲ.