ಇಲಿ ತಿಂದ ಮೈಸೂರು

ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಮೈಸೂರಿನ ಒಂದು ಅಂಧ ಮಕ್ಕಳ ವಸತಿ ಶಾಲೆಗೆ ವಾರಕ್ಕೆರಡು ಮಧ್ಯಾಹ್ನ ಹೋಗತೊಡಗಿದೆ. ಮೊದಲು ಸಿಕ್ಕ ಕೆಲಸ ಪಾಠಗಳನ್ನು ಓದಿ ರೆಕಾರ್ಡ್ ಮಾಡುವುದು. ಕಾಲೇಜಿನಲ್ಲಿ ನಾಟಕ ಆಡಿದವಳು ನಾನು. ಏರಿಳಿತ ಕೊಟ್ಟು, ಬೇಕಾದಲ್ಲಿ ತಡೆದು, ಭಾವ ತುಂಬಿ ಓದಿದೆ. ಮರುವಾರ ಹೋಗಿ ನೋಡಿದರೆ ಹುಡುಗರು ಅದನ್ನು ಮೊಬೈಲಿನಲ್ಲಿ ಎರಡು ಪಟ್ಟು ವೇಗದಲ್ಲಿ ಕೇಳುತ್ತಿದ್ದಾರೆ. ನನ್ನ ದನಿ ಜೇನುಹುಳದ ಹಾಗೆ ಗುಂಯ್‌ಗುಡುತ್ತಿದೆ. "ಚೆನ್ನಾಗಿದೆ ಮಿಸ್, ಆದ್ರೆ ತುಂಬಾ ಎಳೀತೀರ" ಎಂದ ಒಬ್ಬ. ಕಂಪ್ಯೂಟರಿನ ತೆರೆಯ ಮೇಲಿರುವುದನ್ನು ಓದಿಹೇಳುವ ಸ್ಕ್ರೀನ್ ರೀಡರನ್ನು ಓಡಿಸಿಕೊಂಡು ಕೇಳಿ ಅಭ್ಯಾಸವಾದ ಕಿವಿ ಅವು. ಅಂದಿನಿಂದ ನಾಟಕ ಬಿಟ್ಟೆ. ಪುಟದ ಸಂಖ್ಯೆ, ಉಪಶೀರ್ಷಿಕೆ, ಪ್ರಶ್ನೆಯ ಸಂಖ್ಯೆ ತಪ್ಪದೆ ಹೇಳುವುದು, ಒಂದೊಂದು ಪಾಠವನ್ನು ಒಂದೊಂದು ಫೈಲ್ ಮಾಡುವುದು, ಇಷ್ಟೇ ಅವರಿಗೆ ಬೇಕಿದ್ದದ್ದು.

ಚಿತ್ರ ಬಂದಾಗ ಹಾರಿಸಿಬಿಡುತ್ತಿದ್ದೆ. ಅದನ್ನೂ ಅವರೇ ಹಿಡಿದರು. "'ಪಕ್ಕದ ಚಿತ್ರ ಗಮನಿಸಿ' ಅಂತ ಓದಿ ಸುಮ್ಮನಾಗ್ತೀರಲ್ಲ, ಚಿತ್ರದಲ್ಲೇನಿದೆ?" ಹತ್ತನೇ ತರಗತಿ ವಿಜ್ಞಾನದಲ್ಲಿ ಕಣ್ಣಿನ ಪಾಠವಿದೆ: ಮಸೂರ, ಅಕ್ಷಿಪಟ, ಸಮೀಪದೃಷ್ಟಿ, ದೂರದೃಷ್ಟಿ. ಅದನ್ನು ಈ ಮಕ್ಕಳ ಮುಂದೆ ಹೇಗೆ ಓದುವುದೆಂದು ಎರಡು ದಿನ ಸಂಕಟಪಟ್ಟೆ. ಕೊನೆಗೆ ಗಂಟಲು ಸರಿಮಾಡಿಕೊಂಡು ಶುರು ಮಾಡಿದರೆ, ಎದುರಿಗಿದ್ದವನು ಕೇಳಿದ್ದು ಒಂದೇ ಪ್ರಶ್ನೆ: "ಇದು ಎಷ್ಟು ಮಾರ್ಕ್ಸಿಗೆ ಬರುತ್ತೆ ಮಿಸ್?"

ಬ್ರೈಲ್ ಕಲಿಯದೆ ಅಲ್ಲಿ ಹೆಚ್ಚು ದಿನ ನಡೆಯುವುದಿಲ್ಲವೆಂದು ಮೂರನೇ ತಿಂಗಳಿಗೆ ಗೊತ್ತಾಯಿತು. ಆರು ಚುಕ್ಕಿಗಳಲ್ಲಿ ಯಾವುವು ಉಬ್ಬಿವೆ ಎಂಬುದರಿಂದ ಅಕ್ಷರ ಗುರುತಿಸುವ ಲೆಕ್ಕ ಅಷ್ಟು ಕಷ್ಟವಲ್ಲ. ಕಷ್ಟವಾದದ್ದು ಸಾಲಾಗಿ ಕಿಂಡಿಗಳಿರುವ ಬ್ರೈಲ್ ಸ್ಲೇಟಿನಲ್ಲಿ ಮೊನೆಯ ಕಡ್ಡಿಯಿಂದ ಬರೆಯುವುದು. ದಪ್ಪ ಕಾಗದವನ್ನು ಸ್ಲೇಟಿಗೆ ಸಿಕ್ಕಿಸಿ ಬಲದಿಂದ ಎಡಕ್ಕೆ ಚುಚ್ಚುತ್ತಾ ಹೋಗಬೇಕು, ಕಾಗದ ತಿರುವಿದಾಗ ಎಡದಿಂದ ಬಲಕ್ಕೆ ಓದಲು ಉಬ್ಬು ಸಿಗುತ್ತದೆ. ಅಂದರೆ ಪ್ರತಿ ಅಕ್ಷರವನ್ನೂ ಕನ್ನಡಿಯಲ್ಲಿ ಕಂಡಂತೆ ಬರೆಯಬೇಕು. ಕನ್ನಡ ಬ್ರೈಲಿನಲ್ಲಿ ಒತ್ತಕ್ಷರ ಕೆಳಗೆ ಬರುವುದಿಲ್ಲ, ಎಲ್ಲವೂ ಒಂದೇ ಸಾಲು. 'ಅಮ್ಮ' ಬರೆಯಲು ಅ, ಆಮೇಲೆ ಅರ್ಧಾಕ್ಷರದ ಗುರುತಾದ ನಾಲ್ಕನೇ ಚುಕ್ಕಿ, ಮ, ಮತ್ತೊಂದು ಮ. ಐದನೇ ತರಗತಿಯ ಹುಡುಗಿಯೊಬ್ಬಳಿಗೆ ನಾನು ಬರೆದ ಮೊದಲ ಚೀಟಿಯನ್ನು ಅವಳು ಬೆರಳಿನಲ್ಲಿ ಸವರಿ ಗಂಭೀರವಾಗಿ "ಮಿಸ್, 'ಅಮಮ' ಅಂದ್ರೆ ಯಾರು?" ಎಂದಳು. ನಾಲ್ಕನೇ ಚುಕ್ಕಿ ಬಿಟ್ಟುಹೋಗಿತ್ತು.

ಕಿರುಪರೀಕ್ಷೆಗಳಲ್ಲಿ ಅವರು ಹೇಳಿದ್ದನ್ನು ಬರೆದುಕೊಡುತ್ತೇನೆ. ದೊಡ್ಡ ಪರೀಕ್ಷೆಗೆ ನಾನು ಕೂರುವಂತಿರಲಿಲ್ಲ. ಆಗಿದ್ದ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಂತೆ, ಅಭ್ಯರ್ಥಿ ತಾನೇ ಕರೆತರುವ ಬರಹಗಾರ ಓದಿನಲ್ಲಿ ಅವನಿಗಿಂತ ಒಂದು ಹಂತ ಕೆಳಗಿರಬೇಕಿತ್ತು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಉಂಟು, ಮೂರು ಗಂಟೆಯ ಪೇಪರಿಗೆ ಒಂದು ಗಂಟೆ. ಬರಹಗಾರನ ಬಗೆಗಿನ ಆ ನಿಯಮದ ಅರ್ಥ ನನಗೆ ತಿಳಿದದ್ದು ನನ್ನ ಕೈಯಿಂದಲೇ. ಒಬ್ಬ ವಾಕ್ಯ ಹೇಳುತ್ತಿದ್ದ, ನಾನು ಸುಮ್ಮನೆ ಕ್ರಿಯಾಪದ ತಿದ್ದಿ ಬರೆಯುತ್ತಿದ್ದೆ. ಮೇಷ್ಟರು ಉತ್ತರಪತ್ರಿಕೆ ಓದಿ ಹೊಗಳಿದಾಗ ಆ ಹುಡುಗ ನೇರವಾಗಿ "ಅದು ನಾನು ಹೇಳಿದ್ದಲ್ಲ ಸರ್, ಮಿಸ್ ಬರೆದಿದ್ದು" ಎಂದುಬಿಟ್ಟ. ಆಮೇಲೆ ನನ್ನನ್ನು ಕರೆಯುವ ಮುನ್ನ "ಹೇಳಿದಷ್ಟೇ ಬರೀತೀರಾ?" ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದ. ಉಪಕಾರ ಮಾಡಲು ಹೋಗಿ ಬೈಸಿಕೊಳ್ಳುವುದು ಬ್ಯಾಂಕಿನಲ್ಲೂ ರೂಢಿಯಿತ್ತು, ಹಾಗಾಗಿ ತಡೆದುಕೊಂಡೆ.

ನಕಾಶೆಯ ಕಥೆ ಮಾತ್ರ ಇನ್ನೂ ಮುಗಿದಿಲ್ಲ. ಕಾವೇರಿಯ ಪಾಠಕ್ಕೆ ಮುಟ್ಟಿ ತಿಳಿಯುವಂಥ ನಕಾಶೆ ಮಾಡೋಣವೆಂದು ರಟ್ಟಿನ ಮೇಲೆ ಫೆವಿಕಾಲ್ ಹಚ್ಚಿ ಹುರಿ ಅಂಟಿಸಿದೆ, ಊರುಗಳಿಗೆ ಕಡಲೆಬೇಳೆ ಇಟ್ಟೆ. ಬಹಳ ಮುದ್ದಾಗಿತ್ತು. ಎಂಟನೇ ತರಗತಿಯ ಒಬ್ಬ ಎರಡೂ ತುದಿ ಸವರಿ "ನದಿ ಎಲ್ಲಿ ಹುಟ್ಟುತ್ತೆ, ಎಲ್ಲಿ ಸೇರುತ್ತೆ? ಎರಡು ಕಡೆನೂ ಒಂದೇ ಥರ ಇದೆಯಲ್ಲ" ಎಂದ. ನಿಜ, ಬಣ್ಣದ ನಕಾಶೆಯಲ್ಲಿ ಸಮುದ್ರದ ನೀಲಿ ಅದನ್ನು ಹೇಳಿಬಿಡುತ್ತದೆ. ಮಾರನೇ ಸಲ ತಲಕಾವೇರಿಯಲ್ಲಿ ಹೊಲಿಗೆಯ ದಾರ, ಕನ್ನಂಬಾಡಿ ದಾಟಿ ಹುರಿ, ಸಮುದ್ರದ ಹತ್ತಿರ ಹೆಬ್ಬೆರಳಿನ ಗಾತ್ರದ ಹಗ್ಗ ಹಾಕಿದೆ. ಸಮುದ್ರಕ್ಕೆ ಉಪ್ಪುಕಾಗದ. ರಟ್ಟನ್ನು ತಲೆಕೆಳಗಾಗಿ ಹಿಡಿಯುತ್ತಿದ್ದರೆಂದು ಮೇಲಿನ ಬಲಮೂಲೆ ಓರೆಯಾಗಿ ಕತ್ತರಿಸಿದೆ. ಮೂಲೆ ಸಿಕ್ಕರೆ ಉತ್ತರ ದಿಕ್ಕು ಸಿಕ್ಕಿತು. ಕಬಿನಿ ತಿ. ನರಸೀಪುರದಲ್ಲಿ ಬಂದು ಸೇರುವ ಜಾಗದಲ್ಲಿ ಹುರಿಗಳನ್ನು ಹೊಸೆಯಬೇಕೆಂದು ಹೇಳಿದ್ದೂ ಅವರೇ. ಶಿವನಸಮುದ್ರಕ್ಕೆ ಬಂದಾಗ "ಇಲ್ಲಿ ಬೀಳಬೇಕಲ್ವಾ ಮಿಸ್?" ಎಂದರು. ಸರಿ, ಅದರ ಪಶ್ಚಿಮದ ಭಾಗಕ್ಕೆ ಇನ್ನೊಂದು ರಟ್ಟು ಅಂಟಿಸಿ ಮೆಟ್ಟಿಲು ಮಾಡಿದೆ. ಹುರಿ ಅಲ್ಲಿ ದೊಪ್ಪನೆ ಕೆಳಗಿಳಿಯಿತು. ಒಬ್ಬೊಬ್ಬರೂ ಬೆರಳನ್ನು ಹತ್ತು ಸಲ ಜಾರಿಸಿ ನೋಡಿದರು.

ನಕಾಶೆಯನ್ನು ಹಾಸ್ಟೆಲಿನ ಕಪಾಟಿನಲ್ಲಿಟ್ಟು ಮಗಳ ಬಾಣಂತನಕ್ಕೆಂದು ಹೋದವಳು ಆರು ವಾರ ಬರಲಾಗಲಿಲ್ಲ. ಮುಂಚೆಯೇ ಹೇಳಿ ಹೋಗಲಿಲ್ಲ, ಅದು ನನ್ನದೇ ತಪ್ಪು. ರೆಕಾರ್ಡಿಂಗ್ ಅರ್ಧ ಪಾಠಕ್ಕೆ ನಿಂತು, ಅದೇ ಪಾಠ ಕಿರುಪರೀಕ್ಷೆಗೆ ಬಂದಿತ್ತು. ಯಾರೂ ಬೈಯಲಿಲ್ಲ, ಮಾತೂ ಆಡಲಿಲ್ಲ. ಸುಮಾರು ಹೊತ್ತಾದ ಮೇಲೆ ಎಂಟನೇ ತರಗತಿಯವನು ರಟ್ಟನ್ನು ತಂದು ನನ್ನ ಕೈಗಿಟ್ಟ. "ಮಿಸ್, ಮೈಸೂರು ಇಲ್ಲ. ಇಲಿ ತಿಂದಿದೆ. ಮಂಡ್ಯಾನೂ ತಿಂದಿದೆ."

ಈಗ ಊರುಗಳಿಗೆಲ್ಲ ಹಳೇ ಶರ್ಟಿನ ಗುಂಡಿಗಳನ್ನು ಹೊಲಿದಿದ್ದೇನೆ. ಮುಂದಿನದು ಕೃಷ್ಣಾ ನದಿಯಂತೆ. ಭೀಮಾ, ಮಲಪ್ರಭಾ, ಘಟಪ್ರಭಾ, ತುಂಗಭದ್ರಾ ಎಲ್ಲವೂ ಬೇಕಂತೆ. ದಾರ ತರಲು ದೇವರಾಜ ಮಾರುಕಟ್ಟೆಗೆ ಹೋಗಬೇಕು.