ಹಳೆಯ ಪ್ರಸಂಗ ಪುಸ್ತಕವನ್ನು ಟ್ಯಾಬಿಗೆ ತರುವ ಕ್ರಮ

ಕುಂಬಳೆ ಸೀಮೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಬಂದಿರುವ ರಾಮಾಯಣದ ಯಕ್ಷಗಾನ ಪ್ರಸಂಗಗಳನ್ನು ಪಾಠ ಮಾಡುವ ಕಾಸರಗೋಡಿನ ಕನ್ನಡ ಅಧ್ಯಾಪಕರೂ ಅವುಗಳ ಮೇಲೆ ಸಂಶೋಧನೆ ನಡೆಸುವ ವಿದ್ಯಾರ್ಥಿಗಳೂ ಹಳೆಯ ಮುದ್ರಣಗಳನ್ನು ಈಗ ಟ್ಯಾಬಿಗೆ ತಂದುಕೊಳ್ಳುತ್ತಿದ್ದಾರೆ. ಸಂತೋಷದ ಸಂಗತಿಯೇ. ಆದರೆ ಬಹಳಷ್ಟು ಮಂದಿ ಪುಟಗಳ ಚಿತ್ರ ತೆಗೆದು, ತಂತ್ರಾಂಶ ಗುರುತಿಸಿಕೊಟ್ಟ ಪಠ್ಯವನ್ನು ತಿದ್ದದೆಯೇ ತರಗತಿಗೆ ಹಂಚಿಬಿಡುತ್ತಾರೆ. ಆಮೇಲೆ ವಿದ್ಯಾರ್ಥಿ ‘ಶೂರ್ಪನಖಿ’ ಎಂದು ಹುಡುಕಿದರೆ, ಹೆಸರು ಪುಟಪುಟದಲ್ಲಿ ಇದ್ದರೂ, ಒಂದೂ ಸಿಗುವುದಿಲ್ಲ. ಕೆಲಸ ಕೆಡುವುದು ಎಲ್ಲಿ ಎಂಬುದನ್ನು ತಿಳಿದುಕೊಂಡೇ ಆರಂಭಿಸುವುದು ಒಳ್ಳೆಯದು.

ಮೊದಲು ಚಿತ್ರ. ಕಿಟಕಿಯ ಪಕ್ಕ ಮೇಜಿನ ಮೇಲೆ ಪುಸ್ತಕವನ್ನು ಸಮತಟ್ಟಾಗಿ ಬಿಡಿಸಿ, ಫ್ಲ್ಯಾಶ್ ಬಳಸದೆ, ಕ್ಯಾಮೆರಾ ಪುಟಕ್ಕೆ ನೇರವಾಗಿರುವಂತೆ ಹಿಡಿದು ತೆಗೆಯಿರಿ. ಸ್ಕ್ಯಾನರ್ ಇದ್ದರೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಸಾಕು. ಪುಟವನ್ನು ಕಪ್ಪು-ಬಿಳುಪು ಮಾಡುವ ಆಯ್ಕೆಯನ್ನು ಒತ್ತಲೇಬಾರದು. ಮಾಸಿದ ಮುದ್ರಣದಲ್ಲಿ ಸಣ್ಣ ಒತ್ತಕ್ಷರಗಳು ಅದರಿಂದ ಅಳಿಸಿಹೋಗುತ್ತವೆ. ಪುಟದ ಕೆಳಗೆ ತಮ್ಮ ಹೆಸರಿನ ಮುದ್ರೆ ಒತ್ತುವ ಉಚಿತ ಆ್ಯಪ್‌ಗಳನ್ನೂ ದೂರವಿಡಿ. ಚಿತ್ರಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವುದಾದರೆ ಡಾಕ್ಯುಮೆಂಟ್ ಆಗಿಯೇ ಕಳುಹಿಸಿ. ಫೋಟೋ ಆಗಿ ಕಳುಹಿಸಿದರೆ ಅವು ಕುಗ್ಗಿ ಅಕ್ಷರಗಳ ಅಂಚು ಕೆಡುತ್ತದೆ.

ಎರಡನೆಯದು ಅಕ್ಷರ ಗುರುತಿಸುವಿಕೆ. ಗೂಗಲ್ ಡ್ರೈವ್‌ಗೆ ಏರಿಸಿದ ಪುಟವನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಚಿತ್ರದ ಕೆಳಗೆ ಪಠ್ಯ ಬರುತ್ತದೆ. ಅಂತರ್ಜಾಲವಿಲ್ಲದೆ ಕೆಲಸ ಮಾಡಬೇಕಾದವರು ಟೆಸರಾಕ್ಟ್ ತಂತ್ರಾಂಶವನ್ನು ಅದರ ಕನ್ನಡ ದತ್ತಾಂಶದೊಂದಿಗೆ ಕಂಪ್ಯೂಟರಿನಲ್ಲಿ ಸ್ಥಾಪಿಸಿಕೊಳ್ಳಬಹುದು.

ಮೂರನೆಯದು ತಿದ್ದುವಿಕೆ. ಹಿಡಿಯುವ ಸಮಯದ ಬಹುಪಾಲು ಇದಕ್ಕೇ ಮೀಸಲಾಗಿರಬೇಕು. ಕಣ್ಣಿಗೆ ಸರಿಯಾಗಿಯೇ ಕಾಣುವ ಎರಡು ತಪ್ಪುಗಳು ಇಲ್ಲಿ ಮುಖ್ಯ. ಅನುಸ್ವಾರ ಮತ್ತು ಕನ್ನಡದ ಸೊನ್ನೆ ಒಂದೇ ಆಕಾರದವು. ಆದರೆ ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಸಾಮಾನ್ಯ ಸಂಕೇತ ಪದ್ಧತಿಯಾದ ಯುನಿಕೋಡಿನಲ್ಲಿ ಎರಡೂ ಬೇರೆ ಬೇರೆ ಸಂಕೇತಗಳು. ತಂತ್ರಾಂಶವು ‘ಲಂಕೆ’ಯನ್ನು ಸೊನ್ನೆ ಹಾಕಿ ‘ಲ೦ಕೆ’ ಎಂದು ಬರೆದರೆ ಓದುವವರಿಗೆ ವ್ಯತ್ಯಾಸ ತಿಳಿಯದು, ಹುಡುಕುವ ಯಂತ್ರಕ್ಕೆ ಮಾತ್ರ ಅದು ಬೇರೆಯೇ ಪದ. ಅರ್ಕಾವತ್ತು ಕೂಡ ಹೀಗೆಯೇ ಕನ್ನಡದ ಒಂಬತ್ತಾಗಿ ‘ಶೂಪ೯ನಖಿ’ ಎಂದಾಗುತ್ತದೆ. ಸೊನ್ನೆಯನ್ನು ಹುಡುಕಿ ಅನುಸ್ವಾರ ಹಾಕುವಾಗ ಎಲ್ಲವನ್ನೂ ಒಮ್ಮೆಗೇ ಬದಲಾಯಿಸುವ ಗುಂಡಿಯನ್ನು ಒತ್ತಬಾರದು, ಏಕೆಂದರೆ ಪದ್ಯದ ಕೊನೆಯಲ್ಲಿರುವ ೧೦, ೨೦ ಎಂಬ ಸಂಖ್ಯೆಗಳಲ್ಲಿರುವುದು ನಿಜವಾದ ಸೊನ್ನೆ. ಅರ್ಕಾವತ್ತನ್ನಂತೂ ಕೈಯಿಂದಲೇ ಸರಿಪಡಿಸಬೇಕು: ಮುದ್ರಣದಲ್ಲಿ ಅದು ವ್ಯಂಜನದ ನಂತರ ಕಂಡರೂ ಯುನಿಕೋಡಿನಲ್ಲಿ ‘ರ್’ ವ್ಯಂಜನಕ್ಕಿಂತ ಮೊದಲೇ ಬರುವುದರಿಂದ, ಒಂಬತ್ತನ್ನು ಅಳಿಸಿದ ಮೇಲೆ ಹಿಂದಕ್ಕೆ ಹೋಗಿ ‘ರ್’ ಅನ್ನು ಸೇರಿಸಬೇಕಾಗುತ್ತದೆ.

ಇನ್ನುಳಿದವು ಕಣ್ಣಿಗೆ ಕಾಣುವ ತಪ್ಪುಗಳು: ದ, ಧ, ಥಗಳ ಗೊಂದಲ, ಪ ಮತ್ತು ಷದ ಗೊಂದಲ, ರಾಗ-ತಾಳದ ಸಾಲು ಪದ್ಯದೊಳಗೆ ಸೇರಿಹೋಗುವುದು. ಇವನ್ನು ಒಬ್ಬರೇ ಕುಳಿತು ತಿದ್ದುವುದಕ್ಕಿಂತ, ಒಬ್ಬರು ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿರಲು ಇನ್ನೊಬ್ಬರು ಟ್ಯಾಬಿನಲ್ಲಿ ನೋಡುತ್ತಾ ಹೋಗುವುದೇ ಸರಿಯಾದ ಕ್ರಮ. ಭಾಗವತಿಕೆ (ಯಕ್ಷಗಾನದ ಹಾಡುಗಾರಿಕೆ) ಕಲಿಯುತ್ತಿರುವ ವಿದ್ಯಾರ್ಥಿ ತರಗತಿಯಲ್ಲಿದ್ದರೆ ಓದುವ ಕೆಲಸವನ್ನು ಅವರಿಗೇ ಕೊಡಿ. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 14 ಮಾತ್ರೆ, ಮೂರು ಮತ್ತು ಆರನೆಯ ಸಾಲುಗಳಲ್ಲಿ 23 ಮಾತ್ರೆ ಇರಬೇಕು. ಲಘುವಿನ ಮೇಲಿನ ಒಂದು ಅನುಸ್ವಾರ ಬಿದ್ದುಹೋದರೂ ಗುರು ಲಘುವಾಗಿ ಒಂದು ಮಾತ್ರೆ ಕಡಿಮೆಯಾಗುತ್ತದೆ. ಯಾವ ಕಾಗುಣಿತ ಪರೀಕ್ಷಕವೂ ಹಿಡಿಯದ ಈ ಲೋಪವನ್ನು ತಾಳ ಬಲ್ಲ ಕಿವಿ ಹಿಡಿಯುತ್ತದೆ. ಮುದ್ರಣದಲ್ಲಿಯೇ ತಪ್ಪಿದ್ದರೆ ಅದನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಟಿಪ್ಪಣಿ ಬರೆಯಿರಿ; ಸದ್ದಿಲ್ಲದೆ ತಿದ್ದಿದ ಪಾಠ ಸಂಶೋಧನೆಗೆ ಉಪಯೋಗಕ್ಕೆ ಬಾರದು.

ಟೈಪ್ ಮಾಡಿಸಿಬಿಡುವುದು ಸುಲಭವಲ್ಲವೇ ಎಂದು ಕೇಳುವವರಿದ್ದಾರೆ. ಮಾಡಿಸಬಹುದು, ಆದರೆ ಯುನಿಕೋಡಿನಲ್ಲಿಯೇ ಬೇಕೆಂದು ಮೊದಲೇ ಹೇಳಬೇಕು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಟ್ಯಾಬಿನಲ್ಲಾಗಲಿ, ಲಿನಕ್ಸ್ ಇರುವ ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರಿನಲ್ಲಾಗಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಮಾತ್ರ ಕಾಣುತ್ತವೆ.

ನಾಲ್ಕನೆಯದಾಗಿ, ಪುಟಗಳ ಚಿತ್ರವಿರುವ ಪಿಡಿಎಫ್ ಮತ್ತು ತಿದ್ದಿದ ಪಠ್ಯ ಎರಡನ್ನೂ ಜೊತೆಯಾಗಿ ಇಡಿ. ಪಠ್ಯದಲ್ಲಿ ಮೂಲದ ಪುಟಸಂಖ್ಯೆಗಳನ್ನು ಗುರುತಿಸಿ, ಮೊದಲ ಪುಟದಲ್ಲಿ ಮುದ್ರಣಾಲಯ, ಊರು, ವರ್ಷ ಬರೆಯಿರಿ. ಚಿತ್ರದ ಪಿಡಿಎಫ್ ಓದಲು ಆರು ಇಂಚಿನ ಇ-ರೀಡರ್ ಕೊಳ್ಳಬೇಡಿ. ಹತ್ತು ಇಂಚಿನ ಟ್ಯಾಬ್ ಬೇಕು.

ಹಂಚುವ ಮುನ್ನ ಕೃತಿಸ್ವಾಮ್ಯದ ಹಕ್ಕನ್ನು ನೋಡಿ. ಭಾರತದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಯವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳು 2024ರ ಆರಂಭದಿಂದ ಮುಕ್ತವಾಗಿವೆ. 2015ರಲ್ಲಿ ತೀರಿಕೊಂಡ ಕಯ್ಯಾರ ಕಿಞ್ಞಣ್ಣ ರೈಯವರ ಕೃತಿಗಳಿಗೆ ಹಕ್ಕು ಇದೆ. ಪ್ರಸಂಗ ಹಳೆಯದಾದರೂ ಸಂಪಾದಕರ ಮುನ್ನುಡಿ ಮತ್ತು ಟಿಪ್ಪಣಿಗಳ ಹಕ್ಕು ಬೇರೆ; ಅವನ್ನು ಬಿಟ್ಟು ಪದ್ಯಭಾಗವನ್ನಷ್ಟೇ ಹಂಚಿ. ಮುಕ್ತವಾಗಿರುವ ಕೃತಿಯನ್ನು ಅಂತರ್ಜಾಲದ ಮುಕ್ತ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ಗೆ ಏರಿಸಿದರೆ ಅಲ್ಲಿ ಪುಟದ ಚಿತ್ರವೂ ಪಠ್ಯವೂ ಅಕ್ಕಪಕ್ಕದಲ್ಲಿಯೇ ಕಾಣುವುದರಿಂದ, ನಿಮ್ಮ ಕಣ್ತಪ್ಪಿದ್ದನ್ನು ಬೇರೆ ಊರಿನ ಓದುಗರೂ ತಿದ್ದಬಹುದು.