ರಕ್ತದಿಂದ ಸ್ಟೆಮ್ ಸೆಲ್ ಬೇರ್ಪಡಿಸುವುದು: ಮಳೆಗಾಲದ ಮಡಿಕೇರಿಯಲ್ಲಿ ನಾನು ಮಾಡುವ ರೀತಿ

ಜುಲೈ ತಿಂಗಳಲ್ಲಿ ಲ್ಯಾಬಿಗೆ ಬಂದ ಕೂಡಲೇ ನಾನು ನೋಡುವುದು ಗೋಡೆಯ ಥರ್ಮಾಮೀಟರ್. ರಕ್ತದ ಟ್ಯೂಬ್ ಆಮೇಲೆ. ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶ, ಅಂದರೆ ಸ್ಟೆಮ್ ಸೆಲ್ ಬೇರ್ಪಡಿಸುವ ಈ ಕೆಲಸದ ಮೊದಲರ್ಧಕ್ಕೆ 18ರಿಂದ 20 ಡಿಗ್ರಿ ಬೇಕು. ರಕ್ತವನ್ನು ಪದರಗಳಾಗಿ ಬೇರ್ಪಡಿಸುವ ಫೈಕೋಲ್ ಎಂಬ ದ್ರಾವಣ ತಣ್ಣಗಿದ್ದರೆ ಮಂದವಾಗುತ್ತದೆ, ಕೆಂಪು ಕಣಗಳು ಸರಿಯಾಗಿ ಕೆಳಗಿಳಿಯುವುದಿಲ್ಲ. ಫ್ರಿಜ್ಜಿನಿಂದ ಮೊದಲೇ ತೆಗೆದಿಡಿ. ಮಳೆ ಹಿಡಿದ ದಿನ ಕೋಣೆಯೇ ತಣ್ಣಗಿರುತ್ತದಲ್ವಾ, ಆಗ 20 ಡಿಗ್ರಿಯ ವಾಟರ್ ಬಾತ್‌ನಲ್ಲಿ ಇಡಿ. ಟ್ಯೂಬ್ ಗಿರಗಿರನೆ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರವನ್ನೂ 20ಕ್ಕೆ ಹೊಂದಿಸಿ.

ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಎಥಿಕ್ಸ್ ಕಮಿಟಿಯ ಅನುಮತಿ, ರಕ್ತ ಕೊಡುವವರ ಸಹಿ ಎರಡೂ ಇರಬೇಕು. ಯಾರ ರಕ್ತವಾದರೂ ಸೋಂಕು ಇರಬಹುದು ಎಂದುಕೊಂಡೇ ಗ್ಲೌಸ್ ಹಾಕಿ, ಬಯೋಸೇಫ್ಟಿ ಕ್ಯಾಬಿನೆಟ್ (ಸೋಂಕು ಹೊರಬರದಂತೆ ತಡೆಯುವ ಗಾಜಿನ ಗೂಡು) ಮುಂದೆ ಕೂತು, ಅದರೊಳಗೇ ಕೈಯಿಟ್ಟು ಮಾಡಿ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಅಥವಾ ಇಡಿಟಿಎ ಇರುವ ಟ್ಯೂಬಿನ 10 ಮಿ.ಲೀ. ರಕ್ತಕ್ಕೆ ಅಷ್ಟೇ ಪಿಬಿಎಸ್ (ಫಾಸ್ಫೇಟ್ ಬೆರೆತ ಉಪ್ಪುನೀರು) ಬೆರೆಸಿ. 50 ಮಿ.ಲೀ. ಟ್ಯೂಬಿಗೆ 15 ಮಿ.ಲೀ. ಫೈಕೋಲ್ ಹಾಕಿ. ಇನ್ನು ಅದರ ಮೇಲೆ ರಕ್ತ ಬಿಡಬೇಕು. ಎಲ್ಲರೂ ಎಡವುವುದು ಇಲ್ಲೇ. ಟ್ಯೂಬನ್ನು ಓರೆಯಾಗಿ ಹಿಡಿದು, ಪಿಪೆಟ್ ತುದಿಯನ್ನು ಒಳಗೋಡೆಗೆ ತಾಗಿಸಿ, ಬಹಳ ನಿಧಾನಕ್ಕೆ ಜಾರಿಬಿಡಿ. ಎರಡು ಪದರ ಬೆರೆತರೆ ಅಲ್ಲಿಗೆ ಮುಗಿಯಿತು. ಹೊಸಬರಿಗೆ ನಾನು ಮೊದಲು ರಕ್ತ ಕೊಡುವುದಿಲ್ಲ. ಅರ್ಧ ನೀರು ಬೆರೆಸಿದ ಜೇನಿನ ಮೇಲೆ ಬಣ್ಣದ ನೀರು ಬಿಡಿಸುತ್ತೇನೆ. ಕೊಡಗಿನಲ್ಲಿ ಜೇನಿಗೇನೂ ಬರವಿಲ್ಲ. ಗೆರೆ ಚೊಕ್ಕವಾಗಿ ನಿಲ್ಲುವವರೆಗೂ ಅದೇ ಅಭ್ಯಾಸ.

ಆಮೇಲೆ 400 ಜಿ ಬಲದಲ್ಲಿ 30 ನಿಮಿಷ ತಿರುಗಿಸಿ. ಜಿ ಅಂದರೆ ಭೂಮಿಯ ಗುರುತ್ವಕ್ಕಿಂತ ಎಷ್ಟು ಪಟ್ಟು ಬಲ ಅಂತ, ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಅಲ್ಲ, ನಿಮ್ಮ ರೋಟರಿನ ಅಳತೆ ನೋಡಿ ಲೆಕ್ಕ ಹಾಕಿಕೊಳ್ಳಿ. ಬ್ರೇಕ್ ಆಫ್ ಇರಲೇಬೇಕು. ಒಮ್ಮೆ ನಾನು ಅದನ್ನು ಮರೆತೆ. ಯಂತ್ರ ಗಕ್ಕನೆ ನಿಂತು ಪದರಗಳೆಲ್ಲ ಕದಡಿದವು. ಜೊತೆಯಲ್ಲಿ ಕೆಲಸ ಮಾಡುವ ಅಕ್ಕ ನಂಬಿ ಕೊಟ್ಟ ರಕ್ತ ಅದು. ಇವತ್ತಿಗೂ ಬಟನ್ ಎರಡು ಸಲ ನೋಡುತ್ತೇನೆ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ, ಯಂತ್ರಕ್ಕೆ ಯುಪಿಎಸ್ ಬೇಕೇ ಬೇಕು.

ಟ್ಯೂಬ್ ತೆಗೆದಾಗ ಮೇಲೆ ಹಳದಿ ಪ್ಲಾಸ್ಮಾ, ತಳದಲ್ಲಿ ಕೆಂಪು ಕಣ. ಪ್ಲಾಸ್ಮಾ ಮತ್ತು ಫೈಕೋಲ್ ನಡುವೆ ತೆಳ್ಳನೆಯ ಬಿಳಿ ಉಂಗುರ. ನಮಗೆ ಬೇಕಾದದ್ದು ಅದು. ಅಷ್ಟನ್ನೇ ಹೀರಿಕೊಳ್ಳಿ, ಫೈಕೋಲ್ ಜಾಸ್ತಿ ಬರಬಾರದು. ಪಿಬಿಎಸ್‌ನಲ್ಲಿ 300 ಜಿ, 10 ನಿಮಿಷ ತೊಳೆಯಿರಿ. ಎರಡನೇ ಸಲ 200 ಜಿ ಸಾಕು, ಪ್ಲೇಟ್‌ಲೆಟ್‌ಗಳು ಮೇಲೇ ಉಳಿದು ಹೋಗುತ್ತವೆ.

ಉಂಗುರದಲ್ಲಿರುವುದೆಲ್ಲ ಸ್ಟೆಮ್ ಸೆಲ್ ಅಲ್ಲ. ಬಹುಪಾಲು ಲಿಂಫೊಸೈಟ್ ಮತ್ತು ಮೊನೊಸೈಟ್ ಎಂಬ ಬಿಳಿ ರಕ್ತಕಣಗಳು. 10 ಮಿ.ಲೀ. ರಕ್ತದಿಂದ ಸುಮಾರು 1 ಕೋಟಿ ಕೋಶ ಬರಬಹುದು, ಅದರಲ್ಲಿ ನಮಗೆ ಬೇಕಾದವು, ಅಂದರೆ ಮೈಮೇಲೆ ಸಿಡಿ34 ಎಂಬ ಪ್ರೋಟೀನ್ ಗುರುತು ಇರುವವು, ಸಾವಿರಕ್ಕೆ ಒಂದು ಸಿಗುವುದೂ ಕಷ್ಟ. ಅದಕ್ಕೇ ಕಸಿಗಾಗಿ ದಾನ ಮಾಡುವವರಿಗೆ ನಾಲ್ಕೈದು ದಿನ ಜಿ-ಸಿಎಸ್‌ಎಫ್ ಚುಚ್ಚುಮದ್ದು ಕೊಟ್ಟು, ಮಜ್ಜೆಯಿಂದ ಸ್ಟೆಮ್ ಸೆಲ್‌ಗಳು ರಕ್ತಕ್ಕೆ ಇಳಿಯುವಂತೆ ಮಾಡುವುದು.

ಇಲ್ಲಿಂದ ಮುಂದೆ ಮಾತ್ರ ಚಳಿಯೇ ಬೇಕು. ಕೋಶಗಳನ್ನು ತೇಲಿಸಿಡುವ ಬಫರ್ ದ್ರಾವಣ ತಣ್ಣಗಿರಲಿ. ಸಿಡಿ34 ಗುರುತನ್ನೇ ಹಿಡಿಯುವ ಆಂಟಿಬಾಡಿ ಅಂಟಿಸಿದ ಕಾಂತೀಯ ಮಣಿಗಳನ್ನು ಬೆರೆಸಿ, ಫ್ರಿಜ್ಜಿನಲ್ಲಿ 30 ನಿಮಿಷ ಇಡಿ. ತೊಳೆದು, ಅಯಸ್ಕಾಂತದಲ್ಲಿ ಕೂರಿಸಿದ ಕಾಲಮ್ (ಸಣ್ಣ ಸೋಸುವ ಕೊಳವೆ) ಮೂಲಕ ಬಿಡಿ. ಬೇಡದವು ಸೋರಿ ಹೋಗುತ್ತವೆ, ಬೇಕಾದವು ಅಂಟಿಕೊಳ್ಳುತ್ತವೆ. ಕಾಲಮನ್ನು ಅಯಸ್ಕಾಂತದಿಂದ ಹೊರತೆಗೆದು, ಬಫರ್ ಹಾಕಿ ಒತ್ತಿದರೆ ಅವೂ ಇಳಿಯುತ್ತವೆ. ಇನ್ನೊಂದು ಹೊಸ ಕಾಲಮ್‌ನಲ್ಲಿ ಮತ್ತೆ ಹಾಯಿಸಿ, ಶುದ್ಧತೆ ಹೆಚ್ಚುತ್ತದೆ. ಟ್ರಿಪಾನ್ ಬ್ಲೂ ಹಾಕಿ ಎಣಿಸಿ. ನೀಲಿ ಹಿಡಿದವು ಸತ್ತ ಕೋಶಗಳು. ಎಣಿಕೆ ಮುಗಿಯುವವರೆಗೂ ಟ್ಯೂಬ್ ಐಸ್ ಮೇಲೇ ಇರಲಿ.